ಓಟಿಪಿ ಯಾರಿಗ್ ಕೊಟ್ರಿ?

ಬಹಳ ದಿನಗಳಾದವು ಇಲ್ಲಿ ಏನನ್ನೂ ಬರೆದು. ಕೆಲಸ, ಊರು, ಮತ್ತೆ ಕೆಲಸ... ಅವೇ ಹಳೆಯ ನೆಪಗಳು, ನಿಮಗೂ ಗೊತ್ತಿರುವಂಥವೇ :) ಆದರೆ ಹೋದ ವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ನಡೆದ ಮಾತೊಂದು ತಲೆಯಲ್ಲಿ ಕೂತುಬಿಟ್ಟಿದೆ. ಬರೆದು ಇಳಿಸದಿದ್ದರೆ ಹೋಗುವ ಹಾಗೆ ಕಾಣುತ್ತಿಲ್ಲ.

ಸಹೋದ್ಯೋಗಿಯೊಬ್ಬರ ಮಾವನವರಿಗೆ ಯಾರೋ ಪೊಲೀಸ್ ವೇಷದಲ್ಲಿ ವೀಡಿಯೋ ಕಾಲ್ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ ಅಂತ ಹೆದರಿಸಿ, ಎರಡು ದಿನ ಮನೆಯಿಂದ ಅಲ್ಲಾಡದ ಹಾಗೆ ಕೂರಿಸಿ ದುಡ್ಡು ಕಿತ್ತಿದ್ದಾರೆ. ಡಿಜಿಟಲ್ ಅರೆಸ್ಟ್ ಅಂತಾರಲ್ಲ, ಅದು. ಅವರು ಹೇಳಿ ಮುಗಿಸುವ ಮೊದಲೇ ಟೇಬಲ್ಲಿನ ಸುತ್ತ ನಗು. "ಅಷ್ಟು ಓದಿದೋರು ಹೇಗ್ ಸಾರ್ ನಂಬಿದ್ರು?" ಅಂತ ಒಬ್ಬ. "ದುರಾಸೆ ಇರಬೇಕು ಬಿಡಿ" ಅಂತ ಇನ್ನೊಬ್ಬ. (ಹೆದರಿ ದುಡ್ಡು ಕೊಟ್ಟವರಿಗೆ ದುರಾಸೆ ಎಲ್ಲಿಂದ ಬಂತೋ!) ಮೂರನೆಯವನು ಮೊಸರನ್ನ ಕಲಸುತ್ತಾ ತಲೆದೂಗಿದ: "ಏನೇ ಹೇಳಿ, ಆ ಹುಡುಗರ ತಲೆ ಮಾತ್ರ ಸಖತ್."

ಅಲ್ಲಿದ್ದವರೆಲ್ಲ ಸಾಫ್ಟ್‌ವೇರಿನವರು. ಇಬ್ಬರಂತೂ ಬ್ಯಾಂಕುಗಳಿಗೇ ಸಾಫ್ಟ್‌ವೇರ್ ಬರೆಯುವವರು.

ನಾನು ನಗಲಿಲ್ಲ. ಹಾಗಂತ ನನ್ನದೇನೂ ದೊಡ್ಡತನ ಅಂದುಕೊಳ್ಳಬೇಡಿ. ಅದೇ ನಗುವನ್ನು 2023ರ ಕೊನೆಯಲ್ಲಿ ನಾನೂ ನಕ್ಕಿದ್ದೆ. ಅದೂ ನಮ್ಮ ಚಿಕ್ಕವ್ವನ ಮುಂದೆ.

ನಮ್ಮೂರು ಗೆಜ್ಜಲಗೆರೆ. ಮದ್ದೂರು ದಾಟಿ ಮಂಡ್ಯದ ಕಡೆ ಹೊರಟರೆ ಸಿಗುತ್ತೆ. ಊರು ಗೊತ್ತಿಲ್ಲದವರಿಗೂ ಇಲ್ಲಿರುವ ಮನ್‌ಮುಲ್ ಡೈರಿ ಗೊತ್ತಿರುತ್ತೆ. ಜಿಲ್ಲೆಯ ಹಳ್ಳಿಹಳ್ಳಿಯ ಹಾಲು ಬಂದು ಸೇರುವುದು ಇಲ್ಲಿಗೇ. ಚಿಕ್ಕವ್ವನಿಗೆ ಎರಡು ಸೀಮೆಹಸು. ಬೆಳಿಗ್ಗೆ ಸಂಜೆ ಸೊಸೈಟಿಗೆ ಹಾಲು ಹಾಕ್ತಾಳೆ. ಬಟವಾಡೆ ದುಡ್ಡು ಬ್ಯಾಂಕಿಗೆ ಬೀಳುತ್ತೆ, ಸರ್ಕಾರ ಲೀಟರಿಗೆ ಐದು ರೂಪಾಯಿಯಂತೆ ಕೊಡುವ ಪ್ರೋತ್ಸಾಹಧನ ಬ್ಯಾಂಕಿಗೆ ಬೀಳುತ್ತೆ, ಗೃಹಲಕ್ಷ್ಮಿಯ ಎರಡು ಸಾವಿರವೂ ಬ್ಯಾಂಕಿಗೇ. ಎಲ್ಲಕ್ಕೂ ಆಧಾರ್ ಜೋಡಣೆ ಆಗಿದೆ. ಚಿಕ್ಕವ್ವನಿಗೆ ಓದು ಬರಹ ಇಲ್ಲ, ಸಹಿ ಅಂದ್ರೆ ಹೆಬ್ಬೆಟ್ಟು. ಫೋನು ಬಟನ್ ಫೋನು.

ಒಂದು ಕರು ಕೊಳ್ಳೋಣ ಅಂತ ದುಡ್ಡು ಬಿಡಿಸಲು ಹೋದಾಗ ಖಾತೆಯಲ್ಲಿ ದುಡ್ಡಿಲ್ಲ. ಪಾಸ್‌ಬುಕ್ ಪ್ರಿಂಟ್ ಹಾಕಿಸಿದರೆ ಮೂರು ದಿನ, ಮೂರು ಸಾಲು, ಒಂದೊಂದಕ್ಕೂ ಹತ್ತು ಸಾವಿರ. ಆಗಲೇ ಮೂರು ವಾರದ ಹಳೆಯ ಕತೆ. ಕೌಂಟರಿನಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ: "ಓಟಿಪಿ ಯಾರಿಗ್ ಕೊಟ್ಟೆ ಅಜ್ಜೀ?" ಪೊಲೀಸರು ಕೇಳಿದ ಮೊದಲ ಪ್ರಶ್ನೆಯೂ ಅದೇ. ಶನಿವಾರ ನಾನು ಊರಿಗೆ ಬಂದೆ. ಹದಿನೈದು ವರ್ಷ ಕಂಪ್ಯೂಟರ್ ಮುಂದೆ ಕೂತವನು, ಮನೆಮಂದಿಗೆಲ್ಲ ಆಪದ್ಬಾಂಧವ. ಬಂದವನು ಚಪ್ಪಲಿಯನ್ನೂ ಬಿಡದೆ ನಕ್ಕೊಂಡು ಕೇಳಿದೆ, "ಯಾರಿಗ್ ಹೇಳ್ದೆ ಚಿಕ್ಕವ್ವ ನಂಬರ್‌ನ?"

"ನಾನ್ ಯಾರ್ಗೂ ಯೋಳ್ನಿಲ್ಲ ಕಣಪ್ಪ. ಓಟಿಪಿ ಅಂದ್ರೆ ಏನು ಅಂತ್ಲೂ ನಂಗೊತ್ತಿಲ್ಲ. ನೀನೂ ಹಂಗೇ ಕೇಳ್ತೀಯಲ್ಲಾ?"

ಪಾಸ್‌ಬುಕ್ ತಗೊಂಡು ಆ ಮೂರು ಸಾಲು ಸರಿಯಾಗಿ ಓದಿದಾಗ ನನ್ನ ಮುಖ ಬಿಳಚಿಕೊಂಡಿತು. ಅವು ಓಟಿಪಿ ವ್ಯವಹಾರಗಳೇ ಅಲ್ಲ. ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಒಂದು ಪುಟ್ಟ ಯಂತ್ರ ಇಟ್ಟುಕೊಂಡು ದುಡ್ಡು ಕೊಡ್ತಾರಲ್ಲ, ಆ ವ್ಯವಸ್ಥೆ. ಅದಕ್ಕೆ ಬೇಕಾದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಓಟಿಪಿ ಕೇಳುವುದೇ ಇಲ್ಲ, ಪಿನ್ ಕೇಳುವುದೇ ಇಲ್ಲ. ನಿಮಗೆ ಈ ಸೌಲಭ್ಯ ಬೇಕೇ ಅಂತ ಚಿಕ್ಕವ್ವನನ್ನು ಯಾರೂ ಕೇಳಿರಲೂ ಇಲ್ಲ. ಆಧಾರ್ ಜೋಡಿಸಿದ ದಿನವೇ ಈ ಬಾಗಿಲೂ ತೆರೆದುಕೊಂಡಿತ್ತು.

ಹಾಗಾದರೆ ಬೆರಳು ಎಲ್ಲಿಂದ ಹೋಯಿತು? ನಾಲ್ಕು ತಿಂಗಳ ಹಿಂದೆ ಅಣ್ಣತಮ್ಮಂದಿರ ವಿಭಾಗ ಪತ್ರ ರಿಜಿಸ್ಟರ್ ಆಗಿತ್ತು. ಪತ್ರದಲ್ಲಿ ಫೋಟೋ ಪಕ್ಕ ಹೆಬ್ಬೆಟ್ಟು, ಜತೆಗೆ ಗುರುತಿನ ದಾಖಲೆ. ಅಲ್ಲಿಂದಲೇ ಸೋರಿತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಅದೇ 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಇದೇ ರೀತಿ ಹತ್ತು ಹತ್ತು ಸಾವಿರ ಹೋದದ್ದು ಸುದ್ದಿಯಾಗಿತ್ತು. ನೋಂದಣಿ ಪತ್ರಗಳ ನಕಲಿನಿಂದ ಬೆರಳಚ್ಚು ತೆಗೆದು, ಅದರ ಅಚ್ಚು ಮಾಡಿ, ಯಂತ್ರಕ್ಕೆ ಒತ್ತಿದ್ದರು. ಪೊಲೀಸರು ಕೆಲವರನ್ನು ಹಿಡಿದರು. ಆಮೇಲೆ ಪತ್ರಗಳಲ್ಲಿ ಬೆರಳಚ್ಚು ಮರೆಮಾಡುವ ಮಾತು ಶುರುವಾಯಿತು.

ಆಮೇಲೆ! ಈ 'ಆಮೇಲೆ' ಅನ್ನುವುದೇ ನನಗೆ ಸಿಟ್ಟು ತರಿಸುವುದು. ಯಾಕೆ ಅಂದ್ರೆ 2018ರಲ್ಲೇ ಪಕ್ಕದ ತೆಲಂಗಾಣದಲ್ಲಿ ಒಬ್ಬ ಸಿಮ್ ಅಂಗಡಿಯವನು ನೋಂದಣಿ ಇಲಾಖೆಯ ಪತ್ರಗಳಿಂದ ಬೆರಳಚ್ಚು ತೆಗೆದು, ಅಚ್ಚು ಮಾಡಿ, ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿ ಸಿಕ್ಕಿಬಿದ್ದಿದ್ದ. ಇದು ಹೀಗೆ ಆಗಬಹುದು ಅಂತ ದೇಶಕ್ಕೆಲ್ಲ ಗೊತ್ತಾಗಿ ಐದು ವರ್ಷ ಕಳೆದಿತ್ತು. ಆ ಐದು ವರ್ಷವೂ ನಮ್ಮ ಬೆರಳುಗಳು ಪತ್ರಗಳ ಮೇಲೆ ಹಾಗೇ ಬಿದ್ದಿದ್ದವು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಹೆಬ್ಬೆಟ್ಟನ್ನು ಏನು ಮಾಡೋದು ಸ್ವಾಮಿ?

ಈಗ ನಾನು ಹೇಳಬೇಕಾದ್ದು ಇಷ್ಟೇ. ಕಂಪ್ಯೂಟರ್ ಅಪರಾಧದ ಬಗ್ಗೆ ನಮ್ಮಲ್ಲಿ ಒಂದು ವಿಚಿತ್ರ ನ್ಯಾಯ ಇದೆ. ಕದ್ದವನು ಬುದ್ಧಿವಂತ, ಕಳಕೊಂಡವನು ದಡ್ಡ, ಬಾಗಿಲಿಗೆ ಚಿಲಕ ಇಡದವನ ಹೆಸರೇ ಮಾತಿನಲ್ಲಿ ಬರುವುದಿಲ್ಲ. ಇದು ಚಾದಂಗಡಿಯ ಹರಟೆಯಲ್ಲಿ ಮುಗಿದುಹೋಗಿದ್ದರೆ ನಾನು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಇದೇ ನ್ಯಾಯ ಬ್ಯಾಂಕಿನ ಪತ್ರದಲ್ಲಿದೆ, ಕಾನೂನಿನಲ್ಲಿದೆ, ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲೂ ಇದೆ.

ಶ್ರೀಕಿ ಪ್ರಕರಣ ನೆನಪಿದೆಯಲ್ಲ? 2020ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಆತನನ್ನು ಹಿಡಿದ ಮೇಲೆ ವರ್ಷಗಟ್ಟಲೆ ರಾಜ್ಯವೆಲ್ಲ ಬಿಟ್‌ಕಾಯಿನ್, ಬಿಟ್‌ಕಾಯಿನ್. ಯಾರಿಗೆ ಎಷ್ಟು ಸಿಕ್ಕಿತು, ಯಾವ ಪಕ್ಷದವರು ತಿಂದರು, ಅದೇ ಗಲಾಟೆ. 2023ರಲ್ಲಿ ವಿಶೇಷ ತನಿಖಾ ತಂಡವೂ ಆಯಿತು, ಪೊಲೀಸರ ಮೇಲೇ ಕೇಸೂ ಆದವು. ಆರೋಪಗಳನ್ನು ಕೋರ್ಟು ನೋಡಿಕೊಳ್ಳಲಿ, ಅದು ನನ್ನ ವಿಷಯ ಅಲ್ಲ. ನನ್ನ ವಿಷಯ ಆ ಕತೆಯೊಳಗಿನ ಒಂದು ಉಪಕತೆ. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ಲಿಗೆ ಕನ್ನ ಹಾಕಿ, ಟೆಂಡರ್ ಹಾಕುವವರು ಇಟ್ಟ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಎತ್ತಿದ್ದರು. ಅದು ಸರ್ಕಾರದ ಖರೀದಿಗಳೆಲ್ಲ ಹಾದುಹೋಗುವ ಬಾಗಿಲು! ಆ ಬಾಗಿಲಲ್ಲಿ ತೂತು ಹೇಗೆ ಬಂತು, ಎಷ್ಟು ದಿನ ಇತ್ತು, ಪರೀಕ್ಷೆ ಮಾಡಬೇಕಾದವರು ಯಾರು, ಅವರು ಪರೀಕ್ಷೆ ಮಾಡಿದ್ದರೇ? ಇಷ್ಟು ಕೇಳಿದವರನ್ನು ನಾನು ಟಿವಿಯಲ್ಲಿ ನೋಡಲಿಲ್ಲ. ನೋಡಿದ್ದು ಏನು ಅಂದ್ರೆ, "ಹತ್ತು ವರ್ಷದ ಹುಡುಗನಾಗಿದ್ದಾಗಲೇ ಹ್ಯಾಕ್ ಮಾಡ್ತಿದ್ದನಂತೆ" ಅನ್ನುವ ವರ್ಣನೆ. ನಮ್ಮೂರ ಬಸ್‌ಸ್ಟಾಪಿನಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬ ನನ್ನನ್ನೇ ಕೇಳಿದ, "ಅಣ್ಣ, ಆ ಲೆವೆಲ್ಗೆ ಓಗ್ಬೇಕಂದ್ರೆ ಯಾವ್ ಕೋರ್ಸ್ ಮಾಡ್ಬೇಕು?"

ಇದನ್ನೇ ಹಾಲಿನ ವಿಷಯಕ್ಕೆ ಹೋಲಿಸಿ ನೋಡಿ. 2021ರಲ್ಲಿ ಮನ್‌ಮುಲ್‌ನಲ್ಲಿ ಹಾಲಿಗೆ ನೀರು ಬೆರೆಸುವ ಹಗರಣ ಬಯಲಾಯಿತು. ಟ್ಯಾಂಕರಿನ ಒಳಗೇ ಇನ್ನೊಂದು ಗುಟ್ಟಿನ ವಿಭಾಗ ಮಾಡಿಸಿದ್ದರು. ತಲೆ ಓಡಿಸಿದ್ದರು ಅಂತ ಯಾರೂ ಮೆಚ್ಚಲಿಲ್ಲ. "ಹಾಲು ಹಾಕುವಾಗ ನೀನು ಟ್ಯಾಂಕರ್ ಒಳಗೆ ಇಣುಕಿ ನೋಡಬೇಕಿತ್ತು" ಅಂತ ರೈತರನ್ನು ಯಾರೂ ಬೈಯಲಿಲ್ಲ. ಹಾಲು ಹಾಕುವವರಿಗೆ ಜಾಗೃತಿ ಶಿಬಿರ ಮಾಡಲಿಲ್ಲ. ಗೇಟಿನಲ್ಲಿ ಇದ್ದವರು ಯಾರು, ತೂಕ ನೋಡಿದವರು ಯಾರು, ಪರೀಕ್ಷೆ ಮಾಡಿದವರು ಯಾರು ಅಂತ ಜಿಲ್ಲೆಗೆ ಜಿಲ್ಲೆಯೇ ಕೇಳಿತು. ತನಿಖೆ ಸಿಐಡಿಗೆ ಹೋಯಿತು. ಆ ತನಿಖೆಯಿಂದ ಏನಾಯಿತು ಅನ್ನುವುದು ಬೇರೆ ಮಾತು, ಪ್ರಶ್ನೆಯಂತೂ ಸರಿಯಾದ ದಿಕ್ಕಿಗೆ ಹೋಗಿತ್ತು. ಓದು ಬರಹ ಬಾರದ ನಮ್ಮ ಚಿಕ್ಕವ್ವನೂ "ಡೈರಿಯೋರು ಏನ್ ಕಡಿತಿದ್ರಂತೆ?" ಅಂತ ಕೇಳಿದ್ದಳು. ಅದೇ ಚಿಕ್ಕವ್ವ ಬೆರಳು ಕಳುವಾದಾಗ ತನ್ನದೇ ಏನೋ ತಪ್ಪಿರಬೇಕು ಅಂತ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕಂಪ್ಯೂಟರ್ ಅಂದ ತಕ್ಷಣ ನಮ್ಮ ವಿವೇಕ ಯಾಕೆ ಹೀಗೆ ಕೈಕೊಡುತ್ತೆ?

ನಾಚಿಕೆ ಎಷ್ಟು ದೂರ ಒಯ್ಯುತ್ತೆ ಅನ್ನೋದಕ್ಕೆ 2025ರ ಮಾರ್ಚ್ ತಿಂಗಳ ಒಂದು ಸುದ್ದಿ ಸಾಕು. ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಹಿರಿಯ ದಂಪತಿ ಇಂಥದೇ ಡಿಜಿಟಲ್ ಅರೆಸ್ಟಿಗೆ ಸಿಕ್ಕಿ ಲಕ್ಷಗಟ್ಟಲೆ ಕಳಕೊಂಡು ಪ್ರಾಣವನ್ನೇ ಬಿಟ್ಟರು. ಆ ಸುದ್ದಿಯ ಕೆಳಗೂ "ಇಷ್ಟೂ ಗೊತ್ತಾಗಲ್ವಾ" ಅಂತ ಬರೆದವರಿದ್ದರು. ಅದರ ಹಿಂದಿನ ವರ್ಷವೇ, 2024ರ ಅಕ್ಟೋಬರಿನಲ್ಲಿ, ಪ್ರಧಾನಿ ತಮ್ಮ ಮನ್ ಕೀ ಬಾತ್‌ನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ ಅಂತ ಹೇಳಿ, ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯ ಧ್ವನಿಯನ್ನೇ ಕೇಳಿಸಿದ್ದರು. ಆಮೇಲೆ ತಿಂಗಳುಗಟ್ಟಲೆ ಯಾರಿಗೆ ಫೋನ್ ಮಾಡಿದರೂ ಮೊದಲು ಎಚ್ಚರಿಕೆಯ ಪಾಠ, ಆಮೇಲೆ ರಿಂಗು. ಜಾಗೃತಿ ಬೇಡ ಅನ್ನಲ್ಲ. ಆದರೆ ಜಾಗೃತಿ ಬಿಟ್ಟು ಬೇರೇನೂ ಇಲ್ಲ ಅಂದರೆ ಅದರ ಅರ್ಥ 'ನಿನ್ನ ಕೋಳಿ ನೀನೇ ಕಾಯ್ಕೋ' ಅಂತ. ಕೇಂದ್ರ ಗೃಹ ಇಲಾಖೆಯ ಲೆಕ್ಕದಲ್ಲೇ 2024ರಲ್ಲಿ ದೇಶದ ಜನ ಸೈಬರ್ ವಂಚನೆಗೆ ಕಳಕೊಂಡದ್ದು ಸುಮಾರು 22,845 ಕೋಟಿ ರೂಪಾಯಿ, ಹಿಂದಿನ ವರ್ಷದ ಮೂರು ಪಟ್ಟು. ಇಷ್ಟು ಜನ ಒಂದೇ ವರ್ಷದಲ್ಲಿ ಇದ್ದಕ್ಕಿದ್ದಂತೆ ದಡ್ಡರಾಗಿಬಿಟ್ಟರೇ?

ಬ್ಯಾಂಕಿನ ನಿಯಮಕ್ಕೆ ಬರೋಣ. ಚಿಕ್ಕವ್ವನ ದೆಸೆಯಿಂದ ನಾನು ಇದನ್ನು ಅಕ್ಷರ ಅಕ್ಷರ ಓದಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಒಂದು ಸುತ್ತೋಲೆ ಹೊರಡಿಸಿತ್ತು. ಕಾಗದದ ಮೇಲೆ ಕೆಟ್ಟದ್ದೇನಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಅಂತಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದರೆ ಗ್ರಾಹಕನಿಗೆ ಒಂದು ರೂಪಾಯಿಯೂ ನಷ್ಟವಾಗಬಾರದು. ನಾಲ್ಕರಿಂದ ಏಳು ದಿನ ಆದರೆ ಇಷ್ಟು ಅಂತ ಮಿತಿ. ಏಳು ದಾಟಿದರೆ ಆಯಾ ಬ್ಯಾಂಕಿನ ಮಂಡಳಿ ಮಾಡಿಕೊಂಡ ನೀತಿ. ತಪ್ಪು ಗ್ರಾಹಕನದೇ ಅಂತ ರುಜುವಾತು ಮಾಡುವ ಹೊಣೆ ಬ್ಯಾಂಕಿನದು. ಗ್ರಾಹಕ ತಾನೇ ಗುಟ್ಟಿನ ವಿವರ ಕೊಟ್ಟಿದ್ದರೆ ಮಾತ್ರ, ತಿಳಿಸುವವರೆಗಿನ ನಷ್ಟವೆಲ್ಲ ಅವನ ತಲೆಗೆ.

ಈ ಕೊನೆಯ ಸಾಲು ಎಲ್ಲವನ್ನೂ ನುಂಗಿಬಿಟ್ಟಿದೆ. "ಓಟಿಪಿ ಯಾರಿಗ್ ಕೊಟ್ರಿ" ಅನ್ನುವ ಪ್ರಶ್ನೆ ಕಾಳಜಿಯಿಂದ ಬರುವುದಲ್ಲ. 'ಕೊಟ್ಟೆ' ಅಂತ ಬಾಯಿಬಿಡಿಸಿದರೆ ಕಡತ ಅಲ್ಲಿಗೇ ಮುಚ್ಚಬಹುದು, ಅದಕ್ಕೆ. ಚಿಕ್ಕವ್ವನ ಕೇಸಿನಲ್ಲಿ ಓಟಿಪಿ ಇಲ್ಲವಲ್ಲ, ಹಾಗಾಗಿ ಬಂದ ಉತ್ತರ ಇನ್ನೂ ಚೆನ್ನಾಗಿತ್ತು. ಇಂಗ್ಲಿಷಿನಲ್ಲಿ ಎರಡು ಸಾಲು: ವ್ಯವಹಾರವು ಗ್ರಾಹಕರ ಬೆರಳಚ್ಚಿನ ದೃಢೀಕರಣದಿಂದ ಯಶಸ್ವಿಯಾಗಿ ನಡೆದಿರುತ್ತದೆ, ಆದ್ದರಿಂದ ಬ್ಯಾಂಕು ಹೊಣೆಯಲ್ಲ. ನನ್ನ ಬೆರಳು ಕದ್ದಿದ್ದಾರೆ ಅನ್ನುವುದು ದೂರು. ನಿನ್ನ ಬೆರಳೇ ಇತ್ತಲ್ಲ ಅನ್ನುವುದು ಉತ್ತರ! ಇನ್ನೊಂದು ಹೇಳಬೇಕು, ನಗಬೇಡಿ. ಬೆರಳಚ್ಚು ಕಳುವಾಗಿದೆ ಅಂತ ಕೊಟ್ಟ ಆ ಅರ್ಜಿಯ ಕೆಳಗೂ ಚಿಕ್ಕವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರ ಜೆರಾಕ್ಸ್ ಮೂರು ಕಡೆ ಹೋಯಿತು.

ಮೂರು ದಿನದ ಲೆಕ್ಕವೂ ಒಂದು ತಮಾಷೆ. ಬ್ಯಾಂಕು ಸಂದೇಶ ಕಳಿಸಿತ್ತಂತೆ. ಯಾವ ನಂಬರಿಗೆ? ಮಗ ಎಂದೋ ಬಿಸಾಕಿದ್ದ ಹಳೇ ಸಿಮ್ಮಿಗೆ. ತಲುಪದ ಸಂದೇಶದಿಂದ ದಿನ ಎಣಿಸಬಹುದೇ ಅಂತ ಕೇಳಿದೆ. ಉತ್ತರ ಇಲ್ಲ. ಎರಡು ಮೂರು ಸಲ ಬರೆದ ಮೇಲೆ ಒಂಬುಡ್ಸ್‌ಮನ್ನರಿಗೆ ಆನ್‌ಲೈನ್ ದೂರು ಹಾಕಿದೆ. ಏಳು ತಿಂಗಳ ನಂತರ ಒಂದು ದಿನ ಮೂವತ್ತು ಸಾವಿರ ಖಾತೆಗೆ ಬಂದು ಬಿದ್ದಿತ್ತು. ಯಾಕೆ ಬಂತು, ತಪ್ಪು ಯಾರದು, ಒಂದಕ್ಷರ ಇಲ್ಲ. ಚಿಕ್ಕವ್ವನ ಅಕ್ಕನ ಮಗ ಇಂಗ್ಲಿಷಿನಲ್ಲಿ ಮೇಲ್ ಬರೆಯಬಲ್ಲ, ಸುತ್ತೋಲೆಯ ದಿನಾಂಕ ಉಲ್ಲೇಖಿಸಬಲ್ಲ. ಅಂಥ ಮಗ ಇಲ್ಲದವರ ಮೂವತ್ತು ಸಾವಿರ ಎಲ್ಲಿ ಹೋಗುತ್ತೆ?

ಅಂದ ಹಾಗೆ, 'ಯಂತ್ರ ಹೇಳಿತು, ಮುಗೀತು' ಅನ್ನುವ ಈ ಭಕ್ತಿ ಬ್ಯಾಂಕಿನವರಿಗೆ ಮಾತ್ರ ಇರುವುದಲ್ಲ. ನಮ್ಮಲ್ಲಿ ಹಳಬರಿಗೆ 2007ರ ಒಂದು ಘಟನೆ ನೆನಪಿರಬಹುದು. ಆರ್ಕುಟ್ ಕಾಲ. ಶಿವಾಜಿ ಮಹಾರಾಜರ ಬಗ್ಗೆ ಅವಹೇಳನಕಾರಿ ಚಿತ್ರ ಹಾಕಿದ ಆರೋಪದ ಮೇಲೆ ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಎತ್ತಿಕೊಂಡು ಹೋದರು. ಐಪಿ ವಿಳಾಸ ಅವನದೇ ಅಂತ ಟೆಲಿಕಾಂ ಕಂಪನಿ ಕೊಟ್ಟ ಕಾಗದ ಹೇಳುತ್ತಿತ್ತು. ಆತ ಐವತ್ತು ದಿನ ಜೈಲಿನಲ್ಲಿದ್ದ. ಆಮೇಲೆ ಗೊತ್ತಾಯಿತು, ಕಂಪನಿ ಕೊಟ್ಟ ವಿವರವೇ ತಪ್ಪು ಅಂತ. ಇಂಗ್ಲೆಂಡಿನಲ್ಲಿ ಇದೇ ಭಕ್ತಿ ಇನ್ನೂ ದೊಡ್ಡ ಅನಾಹುತ ಮಾಡಿತು. ಅಂಚೆ ಕಚೇರಿಗಳ ಹೊರೈಜನ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ದುಡ್ಡು ಕಡಿಮೆ ತೋರಿಸಿತು ಅಂತ ನೂರಾರು ಸಬ್ ಪೋಸ್ಟ್‌ಮಾಸ್ಟರುಗಳನ್ನು ಕಳ್ಳರು ಅಂತ ಶಿಕ್ಷೆಗೆ ಗುರಿಮಾಡಿದರು. ಕಳ್ಳತನ ಆಗಿರಲೇ ಇಲ್ಲ, ಸಾಫ್ಟ್‌ವೇರ್ ತಪ್ಪಿತ್ತು. ಅವರನ್ನು ಒಟ್ಟಿಗೆ ದೋಷಮುಕ್ತ ಮಾಡಲು 2024ರಲ್ಲಿ ಸಂಸತ್ತೇ ಕಾಯ್ದೆ ಮಾಡಬೇಕಾಯಿತು. ಸಾಫ್ಟ್‌ವೇರ್ ಎಷ್ಟು ತಪ್ಪು ಮಾಡುತ್ತೆ ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ದಿನಾ ಬಗ್ ಲೆಕ್ಕ ಹಾಕುವ ನಾವೇ ಊಟದ ಹೊತ್ತಿಗೆ "ಯೂಸರ್ ಎರರ್" ಅಂತ ನಗ್ತೀವಿ.

ನಮ್ಮ ವೃತ್ತಿಯ ಇನ್ನೊಂದು ಗುಣವೂ ಇದೆ, ಮುಚ್ಚಿಟ್ಟುಕೊಳ್ಳುವುದು. ತೂತು ಇದೆ ಅಂತ ಗೊತ್ತಿದ್ದರೂ ಹೊರಗೆ ಹೇಳಬಾರದು. ಹೊರಗಿನವರು ಹೇಳಿದರೆ ಅವರೇ ಅಪರಾಧಿ. 2010ರಲ್ಲಿ ಮತಯಂತ್ರದ ದೌರ್ಬಲ್ಯ ತೋರಿಸಿದ ಹೈದರಾಬಾದಿನ ಹರಿಪ್ರಸಾದ್ ಅವರನ್ನು ಬಂಧಿಸಿದ್ದರು, ಯಂತ್ರ ಎಲ್ಲಿಂದ ಬಂತು ಹೇಳು ಅಂತ. 2018ರ ಜನವರಿಯಲ್ಲಿ ಐನೂರು ರೂಪಾಯಿಗೆ ಆಧಾರ್ ವಿವರ ಸಿಗುತ್ತೆ ಅಂತ 'ದಿ ಟ್ರಿಬ್ಯೂನ್' ಪತ್ರಿಕೆ ಬರೆದಾಗ ಆಧಾರ್ ಪ್ರಾಧಿಕಾರ ಕೊಟ್ಟ ದೂರಿನ ಎಫ್‌ಐಆರ್‌ನಲ್ಲಿ ವರದಿಗಾರ್ತಿಯ ಹೆಸರೂ ಇತ್ತು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ 'ಅನುಮತಿ ಇಲ್ಲದೆ' ಅಂತಷ್ಟೇ ನೋಡುತ್ತದೆ. ಒಳ್ಳೆಯ ಉದ್ದೇಶದಿಂದ ತೂತು ಹುಡುಕಿ ತಿಳಿಸುವವರಿಗೆ ಅಲ್ಲಿ ಪ್ರತ್ಯೇಕ ರಕ್ಷಣೆ ಬರೆದಿಲ್ಲ. ಅಮೆರಿಕದ ನ್ಯಾಯ ಇಲಾಖೆ ಕೂಡ 2022ರಲ್ಲಿ ಅಂಥವರ ಮೇಲೆ ಕೇಸು ಹಾಕುವುದಿಲ್ಲ ಅಂತ ನೀತಿ ಮಾಡಿಕೊಂಡಿತು. ಇಲ್ಲಿ ಯಾರಾದರೂ ಹುಡುಗ ನೋಂದಣಿ ಪತ್ರಗಳ ಬೆರಳಚ್ಚು ನೋಡಿ "ಸ್ವಾಮಿ, ಇದು ಅಪಾಯ" ಅಂತ ಮೊದಲೇ ಹೇಳಲು ಹೊರಟಿದ್ದರೆ, ಅವನ ಅಪ್ಪ ಅಮ್ಮ ಏನಂತಿದ್ದರು? "ಸುಮ್ನಿರ್ಲಾ, ನಿಂಗ್ಯಾಕ್ ಊರ ಉಸಾಬರಿ." ಅವರು ಹೇಳಿದ್ದು ಸರಿಯೇ ಆಗಿರುತ್ತಿತ್ತು, ಅದೇ ದುಃಖ.

ಪೊಲೀಸರನ್ನು ಬೈದು ಮುಗಿಸುವುದು ಸುಲಭ. ನಾನು ಹಾಗೆ ಮಾಡಲ್ಲ. ದೇಶದಲ್ಲೇ ಮೊದಲು ಸೈಬರ್ ಅಪರಾಧಕ್ಕೆ ಅಂತಲೇ ಠಾಣೆ ಮಾಡಿದ್ದು ನಮ್ಮ ಬೆಂಗಳೂರು, 2001ರಲ್ಲಿ. ಈಗ ಜಿಲ್ಲೆ ಜಿಲ್ಲೆಗೂ ಸೆನ್ ಠಾಣೆ ಇದೆ, ಮಂಡ್ಯದಲ್ಲೂ ಇದೆ. 2025ರಲ್ಲಿ ಎಲ್ಲಕ್ಕೂ ಮೇಲೆ ಸೈಬರ್ ಕಮಾಂಡ್ ಅಂತ ಬೇರೆಯೇ ಘಟಕ ಬಂತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2023ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ದಾಖಲಾದ ಸೈಬರ್ ಪ್ರಕರಣ 21,889, ದೇಶಕ್ಕೇ ಮೊದಲು. ಇದನ್ನು ಕರ್ನಾಟಕದ ಅವಮಾನ ಅಂತ ಬರೆದರು. ಕೇಸು ದಾಖಲಿಸಿಕೊಳ್ಳುವ ರಾಜ್ಯಕ್ಕೆ ಸಂಖ್ಯೆ ಹೆಚ್ಚು ಬರುತ್ತೆ, ಅದನ್ನೂ ಅವಮಾನ ಅಂದರೆ ನಾಳೆ ದಾಖಲಿಸುವುದನ್ನೇ ನಿಲ್ಲಿಸುತ್ತಾರೆ. ಆದರೆ ಕಾಯ್ದೆಯ ಪ್ರಕಾರ ಈ ಅಪರಾಧಗಳ ತನಿಖೆ ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಹತ್ತು ಸಾವಿರ ಹೋದ ಹಳ್ಳಿಯವರ ಪತ್ರ ಅಂಥ ಒಬ್ಬರ ಮೇಜಿನ ಮೇಲೆ ಕೋಟಿಗಳ ಕೇಸಿನ ಕೆಳಗೆ ಕೂತಿರುತ್ತೆ. ಮೇಜಿನ ಆ ಕಡೆ ಕೂತು ನೋಡಿದರೆ ನನಗೂ ಬೇರೆ ದಾರಿ ಕಾಣುತ್ತಿರಲಿಲ್ಲ.

ಅದಕ್ಕೇ ನಾನು ಹೇಳುವುದು, ಕಳ್ಳನನ್ನು ಹಿಡಿಯುವ ದಾರಿಯೊಂದನ್ನೇ ನಂಬಿ ಕೂರಬಾರದು. ನಷ್ಟ ಯಾರ ತಲೆಗೆ ಬೀಳುತ್ತೋ ಅವರೇ ಚಿಲಕ ಹಾಕ್ತಾರೆ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಒಂದು ನಿಯಮ ಇದೆ. ಮೋಸ ಹೋಗಿ ತಾನೇ ಕೈಯಾರೆ ದುಡ್ಡು ಕಳಿಸಿದ ಗ್ರಾಹಕನಿಗೂ 85,000 ಪೌಂಡಿನವರೆಗೆ ದುಡ್ಡು ವಾಪಸ್ ಕೊಡಬೇಕು. ಕಳಿಸಿದ ಬ್ಯಾಂಕು ಅರ್ಧ, ಕಳ್ಳನ ಖಾತೆ ತೆರೆದುಕೊಟ್ಟ ಬ್ಯಾಂಕು ಅರ್ಧ. ಈ ಎರಡನೇ ಅರ್ಧ ನೋಡಿ, ಅಲ್ಲಿದೆ ಜಾಣತನ. ನಮ್ಮಲ್ಲಿ ಕದ್ದ ದುಡ್ಡು ಹೋಗಿ ಬೀಳುವುದು ಎಲ್ಲಿಗೆ? ಯಾರೋ ಕಾಲೇಜು ಹುಡುಗ ಎರಡು ಮೂರು ಸಾವಿರಕ್ಕೆ ಬಾಡಿಗೆ ಕೊಟ್ಟ ಖಾತೆಗೆ. ಅಂಥ ಖಾತೆ ತೆರೆದ ಬ್ಯಾಂಕಿಗೆ ಅದರಿಂದ ಒಂದು ಪೈಸೆ ನಷ್ಟವಿಲ್ಲ. ನಷ್ಟವಿಲ್ಲದವರು ಯಾಕೆ ನೋಡ್ತಾರೆ?

"ಹಾಗೆ ಮಾಡಿದರೆ ಜನ ಅಜಾಗರೂಕರಾಗ್ತಾರೆ, ಸುಳ್ಳು ಹೇಳಿ ದುಡ್ಡು ಕೇಳ್ತಾರೆ" ಅಂತ ನನ್ನ ಬ್ಯಾಂಕ್ ಸಾಫ್ಟ್‌ವೇರ್ ಗೆಳೆಯ ವಾದ ಮಾಡಿದ. ಕೆಲವರು ಹೇಳಬಹುದು. ಅದಕ್ಕೆ ಅಲ್ಲಿಯೂ ವಿನಾಯಿತಿಗಳಿವೆ, ತೀರಾ ಬೇಜವಾಬ್ದಾರಿ ಅಂತ ಬ್ಯಾಂಕು ತೋರಿಸಿಕೊಟ್ಟರೆ ಕೊಡಬೇಕಿಲ್ಲ. ಆದರೆ ಒಂದು ಕೇಳ್ತೀನಿ. ಬೆರಳಚ್ಚಿನ ಮೇಲೆ ದುಡ್ಡು ಕೊಡುವ ವ್ಯವಸ್ಥೆ ಮಾಡಿ, ಅದೇ ಬೆರಳಚ್ಚನ್ನು ಯಾರು ಬೇಕಾದರೂ ಅರ್ಜಿ ಹಾಕಿ ನಕಲು ಪಡೆಯುವ ಪತ್ರದಲ್ಲಿ ಬಿಟ್ಟದ್ದು ಯಾರ ಅಜಾಗರೂಕತೆ? ಆ ಅಜಾಗರೂಕತೆಗೆ ದಂಡ ಎಷ್ಟಾಯಿತು?

ಹೊಸ ಕಾನೂನು ಬಂದಿದೆಯಲ್ಲ ಅಂತೀರಿ. ಬಂದಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯವಾದ ಭಾಗ ಜಾರಿಯಾಗಲು ಅಲ್ಲಿಂದ ಇನ್ನೂ ಹದಿನೆಂಟು ತಿಂಗಳು. ಮಾಹಿತಿ ಕಾಪಾಡದೆ ಸೋರಗೊಟ್ಟವರಿಗೆ 250 ಕೋಟಿಯವರೆಗೆ ದಂಡ! ಕೇಳಲು ಎಷ್ಟು ಚಂದ. ಆ ದಂಡ ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಕಳಕೊಂಡವರಿಗೆ ಪರಿಹಾರ ಅಂತ ಅದರಲ್ಲಿ ಬಿಡಿಗಾಸಿಲ್ಲ. ಹಳೇ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 43ಎ ಅಂತ ಒಂದು ಸೆಕ್ಷನ್ ಇತ್ತು, ಕಂಪನಿಯ ನಿರ್ಲಕ್ಷ್ಯದಿಂದ ನಷ್ಟವಾದವರು ಪರಿಹಾರ ಕೇಳುವುದಕ್ಕೆ. ಅದನ್ನು ಕಿತ್ತುಹಾಕುವ ಏರ್ಪಾಡು ಈ ಹೊಸ ಕಾಯ್ದೆಯ ಒಳಗೇ ಇದೆ. ಅದರ ಬದಲಿಗೆ ನಾಗರಿಕರ ಕರ್ತವ್ಯಗಳು ಅಂತ ಒಂದು ಸೆಕ್ಷನ್ ಬಂದಿದೆ. ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟರೆ ಹತ್ತು ಸಾವಿರದವರೆಗೆ ದಂಡ. ಚಿಕ್ಕವ್ವನ ಪಾಸ್‌ಬುಕ್ಕಿನ ಒಂದು ಸಾಲಿನಷ್ಟು, ಸರಿಯಾಗಿ! ಆ ಊಟದ ಟೇಬಲ್ಲಿನ ನಗುವನ್ನೇ ಯಾರೋ ಕೂತು ಕಾನೂನಿನ ಭಾಷೆಯಲ್ಲಿ ಬರೆದ ಹಾಗಿದೆ.

ಈ ಮಧ್ಯೆ ಎಲ್ಲರೂ ಕೊಡುವ ಸಲಹೆ ಒಂದಿದೆ, ನಾನೂ ಕೊಡ್ತಿದ್ದೆ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ, ಆಗ ಬೆರಳಿನ ಅಚ್ಚು ಯಾರ ಹತ್ತಿರ ಇದ್ದರೂ ನಡೆಯೋದಿಲ್ಲ. ಸರಿಯಾದ ಸಲಹೆಯೇ. ನಿಮ್ಮ ಮನೆಯ ಹಿರಿಯರದ್ದು ಮಾಡಿರದಿದ್ದರೆ ಇವತ್ತೇ ಮಾಡಿ. ನಾನು ಚಿಕ್ಕವ್ವನ ಆಧಾರಿಗೆ ಅವಳದೇ ಬಟನ್ ಫೋನಿನ ನಂಬರ್ ಸೇರಿಸಿಸಿ, ಲಾಕ್ ಮಾಡಿ, ಬಹಳ ಹೆಮ್ಮೆಯಿಂದ ಬೆಂಗಳೂರಿಗೆ ಬಸ್ ಹತ್ತಿದೆ.

ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಇಟ್ಟರೆ ಅಕ್ಕಿ ಬರಲಿಲ್ಲ. ಲಾಕ್ ಅಂದ್ರೆ ಲಾಕ್, ಅದು ಕಳ್ಳ ಯಾರು ಚಿಕ್ಕವ್ವ ಯಾರು ಅಂತ ನೋಡುವುದಿಲ್ಲ. ತಾತ್ಕಾಲಿಕವಾಗಿ ತೆರೆಯಬಹುದು, ಹತ್ತು ನಿಮಿಷದ ಮಟ್ಟಿಗೆ. ಆಪ್ ಇರುವುದು ನನ್ನ ಫೋನಿನಲ್ಲಿ, ಓಟಿಪಿ ಬರುವುದು ಅವಳ ಫೋನಿಗೆ. ಅವಳಿಗೆ ಅಕ್ಷರ ಬರದಿದ್ದರೂ ಅಂಕಿ ಬರುತ್ತೆ, ಹಾಲಿನ ಲೆಕ್ಕದಿಂದ ಕಲಿತದ್ದು. ಹಾಗಾಗಿ ಈಗ ಪ್ರತಿ ತಿಂಗಳೂ ಒಂದು ದಿನ ಮೀಟಿಂಗಿನ ನಡುವೆ ಫೋನು ಬರುತ್ತೆ. ಹಿಂದೆ ಕ್ಯೂನಲ್ಲಿ ನಿಂತವರ ಗದ್ದಲ.

"ಮಗಾ, ನನ್ ಸರತಿ ಬಂತು. ಬಾಗ್ಲು ತಗಿ."

"ತಗೀತೀನಿ ಇರು. ಒಂದ್ ನಂಬರ್ ಬಂದಿರ್ತದೆ ನೋಡು ಚಿಕ್ಕವ್ವ, ಆರು ಅಂಕಿ. ಹೇಳು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಗುಟ್ಟಿನಲ್ಲಿ, ಪಕ್ಕದವರಿಗೆ ಕೇಳಿಸದ ಹಾಗೆ:

"ಯೋಳ್ಬೋದೇನ್ಲಾ?"